ಕವಳದ ರಸ ಬಲಗಡೆ ಸೋರಿದ ರಾತ್ರಿ

ಡಿಸೆಂಬರ್ ತಿಂಗಳು. ರಾತ್ರಿ ಊಟ ಮುಗಿಸಿ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ನಾನು, ಹೆಂಡತಿ, ಅಣ್ಣನ ಮಗ, ಜೊತೆಗೆ ಕೆಲಸದವರು ಇಬ್ಬರು. ಮೆಟ್ಟುಗತ್ತಿಗೆ ಒತ್ತಿದ ಅಡಿಕೆ ಕೈಜಾರಿ ಬುಟ್ಟಿಯ ಆಚೆ ಬಿತ್ತು. ಇನ್ನೊಂದು ತಗೊಂಡೆ. ಅದೂ ಬಿತ್ತು. ಮೂರನೆಯದಕ್ಕೆ ಕೈ ಹಾಕಿದರೆ ಬೆರಳು ಮಡಚಲೇ ಇಲ್ಲ. ನೋವಿಲ್ಲ, ಉರಿಯಿಲ್ಲ. ಬಲಗೈ ಯಾರದ್ದೋ ಕೈ ಅನ್ನುವ ಹಾಗೆ ತೊಡೆಯ ಮೇಲೆ ಬಿದ್ದಿತ್ತು.

ಬಾಯಲ್ಲಿ ಕವಳ, ಅಂದರೆ ಎಲೆ-ಅಡಿಕೆ, ಇತ್ತು. ಅದರ ರಸ ತುಟಿಯ ಬಲಮೂಲೆಯಿಂದ ಸೋರಿ ಬನಿಯನ್ನಿನ ಮೇಲೆ ಇಳಿದಿತ್ತಂತೆ. ನನಗೆ ಗೊತ್ತೇ ಆಗಲಿಲ್ಲ. ಹೆಂಡತಿ ಕಂಡಳು.

"ತಮಾ, ಇವರ ಬಾಯಿ ವಾರೆ ಆಜು ನೋಡು" ಅಂದಳು. ಏನೂ ಆಗಿಲ್ಲ ಮಾರಾಯ್ತಿ ಅಂದೆ ನಾನು. ಅಂದೆ ಅಂತ ನಾನು ತಿಳಿದಿದ್ದೆ. ಅವರಿಗೆ ಕೇಳಿಸಿದ್ದು ಬರೀ ಗೊಳಗೊಳ ಶಬ್ದ.

ಕೆಲಸದವರಲ್ಲಿ ಹಿರಿಯ, "ಅಡಿಕೆ ಸೊಕ್ಕಿದ್ದು ಹೆಗಡೇರೇ, ಮಜ್ಜಿಗೆ ಕುಡೀರಿ" ಅಂದ. ಅವನದೇನೂ ತಪ್ಪಲ್ಲ. ನಮ್ಮ ಕಡೆ ಹಸಿ ಅಡಿಕೆ ಹಾಕಿ ಸೊಕ್ಕದವರು ಯಾರಿದ್ದಾರೆ? ಆದರೆ ಅಣ್ಣನ ಮಗ ಒಪ್ಪಲಿಲ್ಲ. ಸೊಕ್ಕಿದರೆ ಬೆವರು ಬರುತ್ತದೆ, ತಲೆ ತಿರುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮೈಯ ಒಂದೇ ಪಕ್ಕ ಹೋಗುವುದಿಲ್ಲ. "ಅಪ್ಪಚ್ಚಿ, ಒಂಚೂರು ನಗಾಡು ನೋಡನ" ಅಂದ. ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿದ. ಬಲಗೈ ತಾನಾಗಿ ಕೆಳಗಿಳಿಯಿತು. ಅವನು ಗೋಡೆಯ ಗಡಿಯಾರ ನೋಡಿದ. 9 ಗಂಟೆ 20 ನಿಮಿಷ.

ಈಗ ಅಸಲು ಕತೆ. ಹತ್ತು-ಹದಿನೈದು ನಿಮಿಷದಲ್ಲಿ ಎಲ್ಲ ಸರಿಹೋಯಿತು! ಬೆರಳು ಮಡಚಿತು, ಮಾತು ಬಂತು, ಬಾಯಿ ನೆಟ್ಟಗಾಯಿತು. ಎದ್ದು ನಿಂತೆ, ಅಂಗಳದವರೆಗೆ ಹೋಗಿ ಬಂದೆ. ನೋಡಿ, ಏನಿಲ್ಲ ಅಂದೆ. ಬೆಳಿಗ್ಗೆ ಹೋದರಾಯ್ತು ಅಂತಲೂ ಅಂದೆ.

ಆಗ ನನ್ನ ತಲೆಯಲ್ಲಿ ಓಡಿದ್ದೇನು ಅಂತ ಇಲ್ಲಿ ಮುಚ್ಚಿಡುವುದಿಲ್ಲ. ಕಾಯಿಲೆಯ ವಿಚಾರ ಅಲ್ಲವೇ ಅಲ್ಲ. ಮರುದಿನ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರುವವನಿದ್ದ. ಅವನನ್ನು ಹಿಡಿಯುವುದು ಎಷ್ಟು ಕಷ್ಟ ಅಂತ ತೋಟ ಇದ್ದವರಿಗೆ ಗೊತ್ತು. ಒಂದು ದಿನ ತಪ್ಪಿದರೆ ಮತ್ತೆ ಹದಿನೈದು ದಿನ. ಬೆಳಗಾದರೆ ಎಮ್ಮೆ ಕರೆಯುವವರು ಯಾರು ಅನ್ನುವುದು ಎರಡನೆಯದು. ಮೂರನೆಯದು ಸ್ವಲ್ಪ ಮರ್ಯಾದೆಯ ಪ್ರಶ್ನೆ. ಎರಡು ವರ್ಷದ ಹಿಂದೆ ಇದೇ ರೀತಿ ರಾತ್ರಿ ಎದೆನೋವು ಅಂತ ಜೀಪು ಮಾಡಿಕೊಂಡು ಓಡಿದ್ದೆ. ಇಸಿಜಿ, ರಕ್ತಪರೀಕ್ಷೆ ಎಲ್ಲ ಆಗಿ, ಗ್ಯಾಸ್ ಅಂದಿದ್ದರು. ಅಲ್ಲಿ ಒಬ್ಬರು, "ಹಲಸಿನಕಾಯಿ ಪಲ್ಯ ಜಾಸ್ತಿ ಆಯ್ತಾ?" ಅಂತ ನಕ್ಕಿದ್ದರು. ಆ ನಗು ಇನ್ನೂ ಕಿವಿಯಲ್ಲಿತ್ತು.

ಅದೇ ಹೊತ್ತಿಗೆ ಹೆಂಡತಿ ನನ್ನ ಅಪ್ಪನ ಹೆಸರೆತ್ತಿದಳು. ಅಪ್ಪನಿಗೆ ಲಕ್ವ ಹೊಡೆದಾಗ ಎರಡು ದಿನ ಎಣ್ಣೆ ತಿಕ್ಕುತ್ತಾ ಕೂತಿದ್ದೆವು. ಆಮೇಲೆ ಒಂಬತ್ತು ವರ್ಷ ಅವರು ಆ ಜಗುಲಿಯ ಮೂಲೆಯ ಮಂಚದಲ್ಲೇ ಇದ್ದರು. ಅವಳು ಮತ್ತೇನೂ ಹೇಳಲಿಲ್ಲ. ಬ್ಯಾಗಿಗೆ ಎರಡು ಪಂಚೆ ತುಂಬಿದಳು.

ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ದರಕಿನ (ಒಣ ಎಲೆಯ) ರಾಶಿಯ ಹತ್ತಿರ ದಿಬ್ಬ ಹತ್ತಬೇಕು. ಹುಡುಗ ಅಲ್ಲಿಗೆ ಓಡಿ 108ಕ್ಕೆ ಮಾಡಿದ. ಗಾಡಿ ದೂರದಲ್ಲಿತ್ತು, ಮುಕ್ಕಾಲು ಗಂಟೆಯ ಮೇಲಾಗುತ್ತದೆ ಅಂದರು. ನಮ್ಮ ಓಮ್ನಿ ಅಂಗಳದಲ್ಲೇ ಇತ್ತು. ಪ್ರಜ್ಞೆ ತಪ್ಪಿದ್ದರೆ, ಉಸಿರಾಟಕ್ಕೆ ಕಷ್ಟ ಇದ್ದರೆ ಆಂಬುಲೆನ್ಸಿಗೇ ಕಾಯುವುದು ಸರಿ, ಅದರಲ್ಲಿ ಆಮ್ಲಜನಕ ಇರುತ್ತದೆ, ತಿಳಿದವರು ಇರುತ್ತಾರೆ. ನಾನು ನಡೆದಾಡುತ್ತಿದ್ದೆ. ಓಮ್ನಿಯೇ ಆದೀತು ಅಂದುಕೊಂಡೆವು.

ಎರಡನೆಯ ಫೋನು ಪರಿಚಯದ ಡಾಕ್ಟರರಿಗೆ. ಅವರು ಹೇಳಿದ್ದು ಇಷ್ಟು. ಸರಿಹೋಗಿದ್ದು ಸಂತೋಷ, ಆದರೆ ಅದು ಎಚ್ಚರಿಕೆಯ ಗಂಟೆ. ಹೀಗೆ ಬಂದು ಹೋದವರಿಗೆ ದೊಡ್ಡ ಲಕ್ವವೇ ಬರುವ ಭಯ ಮೊದಲ ಎರಡು ದಿನವೇ ಜಾಸ್ತಿ. ಈಗಲೇ ಹೊರಡಿ. ಬಾಯಿಗೆ ಏನೂ ಕೊಡಬೇಡಿ, ನುಂಗುವ ಶಕ್ತಿ ಸರಿ ಇದೆಯೋ ಇಲ್ಲವೋ ಗೊತ್ತಿಲ್ಲ. ಆಸ್ಪಿರಿನ್ ಮಾತ್ರೆಯನ್ನೂ ಕೊಡಬೇಡಿ, ಮಿದುಳಲ್ಲಿ ರಕ್ತ ಕಟ್ಟಿದೆಯೋ ಸೋರಿದೆಯೋ ಸಿಟಿ ಸ್ಕ್ಯಾನ್ ಮಾಡದೆ ಯಾರಿಗೂ ಹೇಳಲು ಬರುವುದಿಲ್ಲ. ಸಕ್ಕರೆ ಮಾತ್ರ ನೋಡಿ, ತೀರಾ ಕೆಳಗಿಳಿದರೂ ಹೀಗೇ ಕಾಣಿಸುತ್ತದೆ. ಅಮ್ಮನಿಗೆ ತಂದ ಗ್ಲೂಕೋಮೀಟರ್ ಇತ್ತು. 132 ಬಂತು. ಬಿಪಿ 178 ಇತ್ತು. ಅಮ್ಮನ ಬಿಪಿ ಮಾತ್ರೆ ಒಂದು ನುಂಗಿಬಿಡಲಾ ಅಂತ ಕೇಳಿದೆ. ಹುಡುಗ ಡಬ್ಬಿಯನ್ನೇ ಕಸಿದುಕೊಂಡ. ಒಮ್ಮೆಲೇ ಬಿಪಿ ಇಳಿಸಿದರೆ ಮಿದುಳಿಗೆ ಹೋಗುವ ರಕ್ತವೇ ಕಮ್ಮಿಯಾಗಬಹುದು ಅಂತ ಆಮೇಲೆ ತಿಳಿಯಿತು.

ಮೂರನೆಯ ಫೋನು ನನಗೆ ತೋಚುತ್ತಲೇ ಇರಲಿಲ್ಲ. ಶಿರಸಿಯ ಒಂದು ಆಸ್ಪತ್ರೆಗೆ ಹುಡುಗ ಫೋನು ಮಾಡಿ ಕೇಳಿದ, ಈ ಹೊತ್ತಿಗೆ ಸಿಟಿ ಸ್ಕ್ಯಾನ್ ಆಗುತ್ತಾ ಅಂತ. ಮೆಷಿನ್ ನಡೆಸುವವರು ಬೆಳಿಗ್ಗೆ ಬರುತ್ತಾರೆ ಅಂದರು. ಹಾಗಾದರೆ ನೇರ ಹುಬ್ಬಳ್ಳಿಗೆ ಅಂತ ತೀರ್ಮಾನ ಮಾಡಿದ. ಕೇಳದೇ ಹೋಗಿದ್ದರೆ ಅಲ್ಲಿ ಚೀಟಿ ಮಾಡಿಸಿ, ಕಾದು, ಮತ್ತೆ ಬೇರೆ ಕಡೆ ಹೊರಡಲು ಒಂದೂವರೆ ಗಂಟೆ ಹೋಗುತ್ತಿತ್ತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಆ ಲೆಕ್ಕ ಶುರುವಾಗುವುದು ಮನುಷ್ಯ ಕೊನೆಯ ಸಲ ಸರಿಯಾಗಿದ್ದ ನಿಮಿಷದಿಂದ. ದಾರಿಯಲ್ಲಿ ಮತ್ತೆ ಬಂದರೆ ಅಂತ ಹುಡುಗ ಅದನ್ನೂ ಮನಸ್ಸಲ್ಲಿ ಇಟ್ಟುಕೊಂಡಿದ್ದ.

ಉತ್ತರ ಕನ್ನಡದವರಿಗೆ ಈ ದೂರದ ಮಾತು ಹೊಸದಲ್ಲ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಕಾರವಾರದವರು ಗೋವಾಕ್ಕೆ, ಹೊನ್ನಾವರ-ಭಟ್ಕಳದವರು ಮಣಿಪಾಲಕ್ಕೆ ಓಡುತ್ತಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತ ಮೇಲೆ, ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಎಷ್ಟು ಜೋರಾಯಿತು ಅಂತ ನೆನಪಿರಬಹುದು. ಆಸ್ಪತ್ರೆ ಆಗಲಿ, ಬೇಡ ಅನ್ನುವವರು ಯಾರು? ಆದರೆ ದೂರ ಅನ್ನುವುದನ್ನು ನಾವು ಉಲ್ಟಾ ಹಿಡಿದಿದ್ದೇವೆ. ಅಷ್ಟು ದೂರ ಹೋಗಬೇಕಲ್ಲ, ಇನ್ನೂ ಸ್ವಲ್ಪ ನೋಡೋಣ ಅನ್ನುತ್ತೇವೆ. ಮಣಿಪಾಲದಲ್ಲಿ ಮನೆ ಇದ್ದವನು ಬೇಕಾದರೆ ಅರ್ಧ ಗಂಟೆ ನೋಡಲಿ. ಶಿರಸಿ ಹತ್ತಿರದ ಹುಲೇಕಲ್ಲಿನ ಆಚೆಯವನಿಗೆ ನೋಡುತ್ತಾ ಕೂರಲು ಅರ್ಧ ಗಂಟೆ ಎಲ್ಲಿದೆ?

ಹೊರಟಾಗ 9 ಗಂಟೆ 50. ಮುಂಡಗೋಡ ದಾಟುವವರೆಗೂ ಹೆಂಡತಿ ಎರಡು ನಿಮಿಷಕ್ಕೊಮ್ಮೆ ನನ್ನ ಹತ್ತಿರ ಮಾತಾಡಿಸುತ್ತಿದ್ದಳು. ತೋಟದ ಪಾಲುದಾರರ ಹೆಸರು, ಎಮ್ಮೆ ಕರು ಹಾಕಿದ ತಿಂಗಳು, ಹಳೆಯ ಸಾಲದ ಬಡ್ಡಿ. ಬಡ್ಡಿ ತಪ್ಪು ಹೇಳಿದೆ. ಅದು ಮೊದಲಿನಿಂದಲೂ ನನಗೆ ಬರುವುದಿಲ್ಲ.

ಹುಬ್ಬಳ್ಳಿ ತಲುಪಿದ್ದು ರಾತ್ರಿ ಒಂದರ ಹತ್ತಿರ. ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಲಕ್ಷಣ ಪೂರ್ತಿ ಹೋಗಿದ್ದರಿಂದ ಇಂಜೆಕ್ಷನ್ ಬೇಕಾಗಲಿಲ್ಲ. ಮಿನಿ ಸ್ಟ್ರೋಕ್, ಅಂದರೆ ಬಂದು ಹೋಗುವ ಸಣ್ಣ ಲಕ್ವ, ಅಂದರು. ಸಿಕ್ಕಿಬಿದ್ದಿದ್ದು ಇಸಿಜಿಯಲ್ಲಿ. ಎದೆಬಡಿತಕ್ಕೆ ತಾಳವೇ ಇರಲಿಲ್ಲ. ಹಾಗಾದಾಗ ಹೃದಯದೊಳಗೆ ರಕ್ತ ನಿಂತು ಹೆಪ್ಪುಗಟ್ಟಿ, ಒಂದು ಚೂರು ಮಿದುಳಿಗೆ ಹೋಗಿಬಿಡುತ್ತದಂತೆ. ಡಾಕ್ಟರ್ ಕೇಳಿದರು, ಯಾವಾಗಲಾದರೂ ಎದೆ ಪುಕಪುಕ ಅಂತಿತ್ತಾ? ಅಂತಿತ್ತು. ಮಳೆಗಾಲದಿಂದಲೇ ವಾರಕ್ಕೊಮ್ಮೆ ಅಂತಿತ್ತು. ಗ್ಯಾಸಿಗೆ ರಾತ್ರೋರಾತ್ರಿ ಓಡಿದವನು ಇದನ್ನು ಯಾರಿಗೂ ಹೇಳಿರಲಿಲ್ಲ. ನಗುತ್ತಾರೆ ಅಂತ.

ಆಮೇಲೆ ಮನೆಯಲ್ಲಿ ಒಂದು ರೂಢಿ ಬಂದಿದೆ. ಯಾರಿಗೆ ಏನೇ ಆದರೂ ಮೊದಲು ಕೇಳುವುದು, ಶುರುವಾದ ಗಳಿಗೆ ಹೇಳಲು ಬರುತ್ತಾ? ಮೊನ್ನೆಯಿಂದ ಒಂಥರಾ ಅಂದರೆ ನಾಳೆ ಡಾಕ್ಟರ್ ಹತ್ತಿರ ಹೋದರೂ ನಡೆಯುತ್ತದೆ. ಈ ಅಡಿಕೆ ಹಿಡಿಯುವಾಗ ಆಯ್ತು ಅಂದರೆ ಕಿವಿ ನೆಟ್ಟಗಾಗಬೇಕು. ಎರಡನೆಯದು, ಏನಾದರೂ ಕಳೆದುಹೋಗಿದೆಯಾ? ಮಾತು, ದೃಷ್ಟಿ, ಕೈಕಾಲಿನ ಬಲ, ಉಸಿರು, ಎಚ್ಚರ. ಇದರಲ್ಲಿ ಒಂದು ಹೋದರೂ ಗಾಡಿ ತೆಗೆಯುವುದೇ. ಏನು ಕಾಯಿಲೆ ಅನ್ನುವ ಚರ್ಚೆಯನ್ನು ಗಾಡಿಯಲ್ಲಿ ಕೂತು ಮಾಡಿದರಾಯಿತು.

ಹಾಗಂತ ಎಲ್ಲದಕ್ಕೂ ಓಡುತ್ತೇವೆ ಅಂತಲ್ಲ. ಕಳೆದ ಮೇ ತಿಂಗಳಲ್ಲಿ ನಡುರಾತ್ರಿ ಹೆಂಡತಿಗೆ ಮನೆಯೇ ಗಿರಗಿರ ತಿರುಗಿತು. ಹಾಸಿಗೆಯಲ್ಲಿ ಎಡಕ್ಕೆ ಹೊರಳಿದರೆ ಮಾತ್ರ ಬರುತ್ತಿತ್ತು, ಅರ್ಧ ನಿಮಿಷದೊಳಗೆ ನಿಲ್ಲುತ್ತಿತ್ತು. ಮಾತು ಸ್ಪಷ್ಟ, ನಡಿಗೆ ಸರಿ, ಎರಡೆರಡು ಕಾಣುತ್ತಿರಲಿಲ್ಲ, ತಲೆನೋವಿಲ್ಲ. ಗೋಡೆಗೊರಗಿ ಕೂತು ಬೆಳಗು ಮಾಡಿದೆವು. ಬೆಳಿಗ್ಗೆ ಡಾಕ್ಟರ್ ಅವಳ ತಲೆಯನ್ನು ಆಚೀಚೆ ತಿರುಗಿಸಿ, ಕಿವಿಯೊಳಗಿನ ಸಣ್ಣ ಹರಳು ಜಾರಿದ್ದು ಅಂದರು. ಹಾಗೇ ತಿರುಗಿಸಿಯೇ ಸರಿಮಾಡಿ ಕಳಿಸಿದರು. ಜ್ವರದ ಲೆಕ್ಕ ಮಾತ್ರ ಬೇರೆ. ಬೇಸಿಗೆಯಲ್ಲಿ ದರಕು ತರಲು ಕಾಡಿಗೆ ಹೋದವರಿಗೆ ಒಮ್ಮೆಲೇ ಜ್ವರ, ಮೈಕೈ ನೋವು ಬಂದರೆ ನಾವು ಕಷಾಯ ಕುಡಿಸುತ್ತಾ ಕೂರುವುದಿಲ್ಲ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಕಂಡವರು ನಾವು. ಅದನ್ನು ಹರಡುವ ಉಣುಗು ಕಚ್ಚಿದ್ದು ಗೊತ್ತಿಲ್ಲದಿದ್ದರೂ ರಕ್ತಪರೀಕ್ಷೆಗೆ ಕಳಿಸುತ್ತೇವೆ.

ನನಗೀಗ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಹಾಗಾಗಿ ಮೆಟ್ಟುಗತ್ತಿಯ ಹತ್ತಿರ ಕೂರಲು ನನಗೆ ಬಿಡುವುದಿಲ್ಲ. ಸುಲಿದ ಅಡಿಕೆ ಆರಿಸುವ ಕೆಲಸ ಕೊಟ್ಟಿದ್ದಾರೆ, ಮಕ್ಕಳ ಜೊತೆ. ಕವಳ ಬಿಡಿಸಿದ್ದಾರೆ. ಕೊನೆಗೌಡ ಆ ಸಲ ಬಂದಿದ್ದು ಇಪ್ಪತ್ತೆರಡು ದಿನ ಬಿಟ್ಟು. ಒಂದಷ್ಟು ಅಡಿಕೆ ಹಣ್ಣಾಗಿ ಉದುರಿಹೋಗಿತ್ತು.