ಮಾಳಿಗೆಯ ಕಪ್ಪು: ಮೊದಲು ಕೊಲ್ಲಿ, ಆಮೇಲೆ ಉಜ್ಜಿ

ಮಳೆಗಾಲ ಮುಗಿದ ಮೇಲೆ ಕಲಬುರಗಿಯ ಯಾವ ಓಣಿಯ ಮಾಳಿಗೆ ಹತ್ತಿದರೂ ಒಂದೇ ನೋಟ. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ, ನೀರಿನ ಟ್ಯಾಂಕಿನ ಸುತ್ತ, ಪೈಪಿನ ಬಾಯಿಯ ಹತ್ತಿರ ಮಸಿ ಬಳಿದ ಹಾಗೆ ಕಪ್ಪು. ಕಾಲಿಟ್ಟರೆ ಜಾರು. ನಮ್ಮ ಕಡೆ ಇದಕ್ಕೆ ಹಾವಸಿ ಅಂತೀವಿ. ಬೇಸಿಗೆಯಲ್ಲಿ ಅದೇ ಒಣಗಿ ಹಪ್ಪಳದ ಚೂರಿನಂತೆ ಏಳುತ್ತದೆ. ನಲವತ್ತೆರಡು, ನಲವತ್ಮೂರು ಡಿಗ್ರಿ ಬಿಸಿಲಿಗೆ ಸತ್ತೇ ಹೋಯಿತು ಅಂದುಕೊಳ್ಳುತ್ತೇವೆ. ಜೂನ್‌ನಲ್ಲಿ ನಾಲ್ಕು ಹನಿ ಬಿದ್ದ ಕೂಡಲೇ ಮತ್ತೆ ಲೋಳೆ.

ಅದು ಸತ್ತಿರುವುದಿಲ್ಲ, ಮಲಗಿರುತ್ತದೆ. ಈ ಕಪ್ಪಿನಲ್ಲಿ ಹೆಚ್ಚಿನ ಪಾಲು ನೀಲಿ-ಹಸಿರು ಪಾಚಿಯದು. ಒಣಗಿದರೂ ಎಷ್ಟೋ ಕಾಲ ಜೀವ ಹಿಡಿದುಕೊಂಡಿರುವುದು ಇದರ ಗುಣ. ಬಿಸಿಲಿನಿಂದ ಉಳಿಯಲೆಂದೇ ಮೈಸುತ್ತ ಗಾಢ ಬಣ್ಣದ ಹೊದಿಕೆ ಕಟ್ಟಿಕೊಳ್ಳುತ್ತದೆ. ನಮಗೆ ಕಪ್ಪಾಗಿ ಕಾಣುವುದು ಆ ಹೊದಿಕೆ. ನಮ್ಮೂರಿನ ಹಳೆಯ ಸುಲ್ತಾನರ ಗೋರಿಗಳಾದ ಹಫ್ತ್ ಗುಂಬಜ್‌ನ ಗಾರೆಯ ಮೇಲಿನ ಕಪ್ಪು ನೋಡಿದ್ದೀರಲ್ವಾ? ಮಳೆಗೆ ಬಿಟ್ಟ ಸುಣ್ಣದ ಗಾರೆ ಹಾಗೆ ಕಪ್ಪಾಗುವುದರಲ್ಲೂ ಇಂಥ ಜೀವಿಗಳದ್ದೇ ದೊಡ್ಡ ಪಾಲು.

ಆದ್ದರಿಂದ ಸುಮ್ನೆ ಬ್ರಷ್ ಹಿಡಿದು ತಿಕ್ಕಿದರೆ ಮೇಲಿನ ಪದರ ಹೋಗುತ್ತದೆ, ಸೂಕ್ಷ್ಮ ರಂಧ್ರಗಳೊಳಗೆ ಕೂತದ್ದು ಅಲ್ಲೇ ಇರುತ್ತದೆ. ಮುಂದಿನ ಮಳೆಗೆ ತಯಾರು.

ಆಸಿಡ್ ಮುಟ್ಟಬೇಡಿ

ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕಂದರೆ ನಾನೇ ಪೆಟ್ಟು ತಿಂದಿದ್ದೇನೆ. ನಮ್ಮ ಮನೆಯ ಅರ್ಧ ಮಾಳಿಗೆಗೆ ಶಹಾಬಾದ್ ಪರ್ಸಿ, ಅಂದರೆ ಹಾಸುಗಲ್ಲು, ಹಾಸಿದೆ. ಕೆಲವು ವರ್ಷಗಳ ಹಿಂದೆ ಕೆಲಸಕ್ಕೆ ಬಂದವರೊಬ್ಬರು ಬಾತ್‌ರೂಮ್ ತೊಳೆಯುವ ಆಸಿಡ್ ತಂದು ಸುರಿದರು. ಬುಸ್ ಅಂತ ನೊರೆ ಎದ್ದಿತು. "ಅಕ್ಕಾ, ನೋಡ್ರಿ, ಹೊಲಸು ಹ್ಯಾಂಗ ಕುದಿಲಿಕತ್ತದ" ಅಂದರು. ನನಗೂ ಖುಷಿ. ಅಲ್ಲಿ ಕುದಿಯುತ್ತಿದ್ದದ್ದು ಕಲ್ಲು.

ಶಹಾಬಾದ್ ಕಲ್ಲು ಅಂದರೆ ಸುಣ್ಣಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಕೂತಿರುವುದೇ ನಮ್ಮ ನೆಲದ ಈ ಸುಣ್ಣಕಲ್ಲನ್ನು ನಂಬಿಕೊಂಡು. ಅದಕ್ಕೆ ಆಸಿಡ್ ಬಿದ್ದರೆ ಕರಗುತ್ತದೆ, ನೊರೆ ಬರುವುದು ಕಲ್ಲಿನಿಂದ ಹೊರಡುವ ಇಂಗಾಲದ ಡೈಆಕ್ಸೈಡ್‌ನಿಂದ. ನುಣುಪಾಗಿದ್ದ ಪರ್ಸಿ ಒರಟಾಯಿತು. ಒರಟು ಜಾಗದಲ್ಲಿ ನೀರು, ಧೂಳು ಜಾಸ್ತಿ ನಿಲ್ಲುತ್ತವೆ. ಮರುವರ್ಷ ಹಾವಸಿ ಮೊದಲಿಗಿಂತ ದಪ್ಪಗೆ ಬೆಳೆಯಿತು. ಸಿಮೆಂಟ್ ಸ್ಲ್ಯಾಬಿನ ಮೇಲೂ ಆಸಿಡ್‌ನದು ಇದೇ ಕಥೆ.

ಪಾಚಿಯೋ, ಬೇರೆ ಕಲೆಯೋ?

ಕಪ್ಪು ಕಂಡದ್ದೆಲ್ಲ ಹಾವಸಿ ಅಲ್ಲ. ಪಟಾಕಿಯ ಮಸಿ ಇರಬಹುದು, ಹಳೆಯ ಡಾಂಬರ್ ಲೇಪ ಇರಬಹುದು. ಕಂಬಿಯ ತುಕ್ಕು ಕೆಂಪು-ಕಂದು ಬಣ್ಣಕ್ಕಿರುತ್ತದೆ. ಬೇವಿನೆಲೆ ಕೊಳೆತ ಜಾಗದಲ್ಲಿ ಚಹಾ ಚೆಲ್ಲಿದಂಥ ಕಲೆ. ಗುರುತು ಹಿಡಿಯುವುದು ಸುಲಭ. ಕೆಳಗೆ ಹೇಳುವ ಬ್ಲೀಚಿಂಗ್ ನೀರನ್ನು ಒಂದು ಚಮಚದಷ್ಟು ಕಪ್ಪಿನ ಮೇಲೆ ಹಾಕಿ, ಹತ್ತು ನಿಮಿಷ ಬಿಡಿ. ಬಣ್ಣ ತಿಳಿಯಾದರೆ ಹೆಚ್ಚಾಗಿ ಪಾಚಿಯೇ. ಮಸಿ, ಡಾಂಬರ್, ತುಕ್ಕು ಇದಕ್ಕೆ ಜಗ್ಗುವುದಿಲ್ಲ.

ದಿನ, ಹೊತ್ತು, ಸಾಮಾನು

ಅಕ್ಟೋಬರ್ ಒಳ್ಳೆಯ ಕಾಲ. ಮಳೆ ಹಿಂದೆ ಸರಿದಿರುತ್ತದೆ, ದೀಪಾವಳಿಗೆ ಮನೆ ತೊಳೆಯುವ ಗಡಿಬಿಡಿ ಹೇಗೂ ಇರುತ್ತದೆ, ಪಾಚಿಯೂ ಇನ್ನೂ ಹಸಿಯಾಗಿರುತ್ತದೆ. ಬೇಸಿಗೆಯಲ್ಲೇ ಮಾಡಬೇಕು ಅನ್ನುವವರು ಸೂರ್ಯ ಹುಟ್ಟುವ ಹೊತ್ತಿಗೆ ಶುರು ಮಾಡಿ. ಏಪ್ರಿಲ್, ಮೇನಲ್ಲಿ ನಮ್ಮ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಇನ್ನು ಮಾಳಿಗೆಯ ಮೇಲಿನ ಮಾತೇನು. ಬಿಸಿಲೇರಿದರೆ ಔಷಧದ ನೀರು, ಅಂದರೆ ಬ್ಲೀಚಿಂಗ್ ನೀರು, ಕೆಲಸ ಮಾಡುವ ಮೊದಲೇ ಆರಿಹೋಗುತ್ತದೆ.

ಬೇಕಾದದ್ದು ಇಷ್ಟು: ಬ್ಲೀಚಿಂಗ್ ಪೌಡರ್, ಎರಡು ಪ್ಲಾಸ್ಟಿಕ್ ಬಕೆಟ್, ಒಂದು ಕಟ್ಟಿಗೆಯ ಕೋಲು, ಗಟ್ಟಿ ಪ್ಲಾಸ್ಟಿಕ್ ಕೂದಲಿನ ಉದ್ದ ಹಿಡಿಯ ಬ್ರಷ್, ರಬ್ಬರ್ ಗ್ಲೌಸ್, ಕನ್ನಡಕ, ಹಿಡಿತ ಇರುವ ಬೂಟು. ಸವೆದ ಹವಾಯಿ ಚಪ್ಪಲಿ ಬೇಡವೇ ಬೇಡ. ತಂತಿ ಬ್ರಷ್ ಕೂಡ ಬೇಡ, ಮುರಿದ ತಂತಿಯ ಚೂರು ಅಲ್ಲೇ ಉಳಿದು ತುಕ್ಕಿನ ಚುಕ್ಕೆ ಬಿಡುತ್ತದೆ. ಹೋದರೂ ಪರವಾಗಿಲ್ಲ ಅನ್ನುವಂಥ ಬಟ್ಟೆ ಹಾಕಿಕೊಳ್ಳಿ. ಒಬ್ಬರೇ ಮೇಲೆ ಹೋಗಬೇಡಿ.

ಪೌಡರ್ ಹೊಸದಿರಬೇಕು. ಮೂಗಿಗೆ ಘಾಟು ಹೊಡೆಯುವ, ಪುಡಿಪುಡಿಯಾದ ಪೌಡರ್‌ನಲ್ಲಿ ಸುಮಾರು 30 ಪ್ರತಿಶತ ಕ್ಲೋರಿನ್ ಇರುತ್ತದೆ. ತೇವ ಹಿಡಿದು ಗಂಟು ಕಟ್ಟಿದ ಹಳೆಯದರಲ್ಲಿ ಉಳಿಯುವುದು ಬರೀ ಸುಣ್ಣ.

ಈಗ ಕೆಲಸ

ಮೊದಲು ಒಣ ಕಸ ಗುಡಿಸಿ. ಎಲೆ, ಮಣ್ಣು, ಪಾರಿವಾಳದ ಹಿಕ್ಕೆ ಇದ್ದರೆ ಔಷಧದ ಶಕ್ತಿ ಅದರಲ್ಲೇ ಮುಗಿಯುತ್ತದೆ. ತುಳಸಿ ಕುಂಡ, ಹಕ್ಕಿಗೆ ಇಟ್ಟ ನೀರಿನ ಬಟ್ಟಲು ಕೆಳಗಿಳಿಸಿ. ಮಳೆನೀರು ಹಿಡಿಯುವ ಪೈಪಿದ್ದರೆ ತೊಟ್ಟಿಗೆ ಹೋಗುವ ದಾರಿ ಮುಚ್ಚಿ, ನೀರು ಹೊರಗೆ ಬೀಳುವಂತೆ ಮಾಡಿ. ಮರೆತರೆ ಇಡೀ ತೊಟ್ಟಿ ಖಾಲಿ ಮಾಡಬೇಕಾದೀತು.

ಬಕೆಟ್‌ನಲ್ಲಿ 10 ಲೀಟರ್ ನೀರು ತೆಗೆದುಕೊಂಡು ಅದಕ್ಕೆ 300 ಗ್ರಾಂ ಪೌಡರ್ ಸ್ವಲ್ಪ ಸ್ವಲ್ಪವೇ ಹಾಕುತ್ತ ಕೋಲಿನಿಂದ ಕಲಕಿ. ನೀರಿಗೆ ಪೌಡರ್, ಪೌಡರ್‌ಗೆ ನೀರಲ್ಲ. ಅರ್ಧ ಗಂಟೆ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿಕೊಳ್ಳಿ. ತಳದ್ದನ್ನೂ ಸುರಿದರೆ ಮಾಳಿಗೆ ತುಂಬ ಬಿಳಿ ಪಟ್ಟೆ ಮೂಡುತ್ತದೆ. ನನ್ನ ಲೆಕ್ಕದಲ್ಲಿ ಇಷ್ಟು ನೀರು ನೂರು ಚದರ ಅಡಿಗೆ ಸಾಕು.

ಇಲ್ಲೊಂದು ಎಚ್ಚರಿಕೆ. ಈ ನೀರಿಗೆ ಆಸಿಡ್, ಟಾಯ್ಲೆಟ್ ಕ್ಲೀನರ್, ಅಮೋನಿಯಾ ಇರುವ ಯಾವುದನ್ನೂ ಬೆರೆಸಬೇಡಿ. ವಿಷದ ಅನಿಲ ಏಳುತ್ತದೆ, ಮುಚ್ಚಿದ ಮೆಟ್ಟಿಲ ಕೋಣೆಯಲ್ಲಂತೂ ಜೀವಕ್ಕೇ ಕುತ್ತು.

ಮಾಳಿಗೆಯನ್ನು ಬರೀ ನೀರಿನಿಂದ ಒಮ್ಮೆ ತೇವ ಮಾಡಿ. ಒಣ ಸಿಮೆಂಟ್ ಔಷಧವನ್ನೆಲ್ಲ ಗಟಗಟ ಕುಡಿದುಬಿಡುತ್ತದೆ. ಆಮೇಲೆ ಮೆಟ್ಟಿಲಿನಿಂದ ದೂರದ ಮೂಲೆಯಲ್ಲಿ ಶುರು ಮಾಡಿ, ಬಾಗಿಲ ಕಡೆಗೆ ಹಿಂದೆ ಸರಿಯುತ್ತ ತಿಳಿನೀರು ಹರವಿ. ಇಲ್ಲವಾದರೆ ನೀವೇ ಆ ಮೂಲೆಯಲ್ಲಿ ಸಿಕ್ಕಿಬೀಳುತ್ತೀರಿ. ಹಿಂದೆ ಸರಿಯುವಾಗ ಪ್ಯಾರಾಪೆಟ್ ಎಲ್ಲಿದೆ ಅನ್ನುವುದು ಗಮನದಲ್ಲಿರಲಿ.

ಹದಿನೈದರಿಂದ ಇಪ್ಪತ್ತು ನಿಮಿಷ ಬಿಡಿ. ಆರುತ್ತಿದೆ ಅನಿಸಿದ ಕಡೆ ಇನ್ನಷ್ಟು ಚಿಮುಕಿಸಿ. ಕಪ್ಪು ಮೊದಲು ಕಂದಾಗಿ, ಆಮೇಲೆ ಮಾಸಲು ಹಳದಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಬ್ರಷ್ ಹಿಡಿಯುವುದು ಈಗ. ಸತ್ತ ಪಾಚಿ ಹಗುರ ಕೈಗೇ ಬಿಟ್ಟುಕೊಡುತ್ತದೆ. ಬಿಡದ ಕಡೆ ಬಲ ಹಾಕಬೇಡಿ, ಇನ್ನೊಂದು ಸಲ ಔಷಧ ಹಾಕಿ. ಕೊನೆಗೆ ಎತ್ತರದ ಕಡೆಯಿಂದ ಪೈಪಿನ ಬಾಯಿಯ ಕಡೆಗೆ ಧಾರಾಳವಾಗಿ ನೀರು ಹೊಡೆದು ತೊಳೆಯಿರಿ. ಕೆಳಗೆ ನೀರು ಬೀಳುವ ಜಾಗದಲ್ಲಿ ಗಿಡ ಇದ್ದರೆ ಮುಂಚೆ, ನಂತರ ಎರಡೂ ಸಲ ಅದಕ್ಕೆ ಬರೀ ನೀರು ಹಾಕಿ.

ಕಾರು ತೊಳೆಯುವ ಪ್ರೆಶರ್ ಮಷೀನ್ ತರಲೇ ಅಂತ ಕೇಳುವವರಿದ್ದಾರೆ. ಹಳೆಯ ಮಾಳಿಗೆಗೆ ನಾನಂತೂ ತರುವುದಿಲ್ಲ. ಪರ್ಸಿಯ ಸಂದಿನ ಸಿಮೆಂಟ್ ಎದ್ದುಹೋದರೆ ಸೋರುವುದು ಕೆಳಗಿನ ಮನೆ. ತಗಡಿನ ಶೆಡ್ಡಿಗೆ ಬ್ಲೀಚಿಂಗ್ ಕೂಡ ಬೇಡ, ತಗಡನ್ನು ತಿನ್ನುತ್ತದೆ. ಅದಕ್ಕೆ ಸಾಬೂನು ನೀರೇ ಸಾಕು. ಮೈಲುತುತ್ತ ಹಾಕಿ ಅನ್ನುವ ಸಲಹೆಯನ್ನೂ ಪಕ್ಕಕ್ಕಿಡಿ. ಪಾಚಿ ಸಾಯುತ್ತದೆ ನಿಜ, ಆದರೆ ಕಲ್ಲಿಗೆ ನೀಲಿ ಕಲೆ, ಹಿಡಿದ ಮಳೆನೀರಿಗೆ ವಿಷ.

ಶಿಂಗಲ್ ಹಾಕಿಸಿದವರಿಗೆ

ಈಚೆಗೆ ಪೋರ್ಟಿಕೊ ಮೇಲೆ, ತೋಟದ ಮನೆಗೆ ಇಳಿಜಾರಿನ ಡಾಂಬರ್ ಶಿಂಗಲ್ (ಹೆಂಚಿನಂತೆ ಹೊದಿಸುವ ಡಾಂಬರಿನ ಹಾಳೆ) ಹಾಕಿಸುವ ಷೋಕಿ ಬಂದಿದೆ. ಅಮೆರಿಕದ ಮನೆಗಳಲ್ಲಿ ಇದೇ ಜಾಸ್ತಿ. ಅಲ್ಲಿ ಕಪ್ಪು ಗೆರೆ ಎಳೆಯುವುದು ಗ್ಲಿಯೋಕ್ಯಾಪ್ಸಾ ಮ್ಯಾಗ್ಮಾ ಅನ್ನುವ ನೀಲಿ-ಹಸಿರು ಪಾಚಿ. ಅದು ಅಲ್ಲಿ ಚೆನ್ನಾಗಿ ಬೆಳೆಯಲು ನೆರವಾಗುವುದು ಯಾವುದು ಅಂತಾರೆ ಗೊತ್ತೇ? ಶಿಂಗಲ್ ಒಳಗೆ ತುಂಬುವ ಸುಣ್ಣಕಲ್ಲಿನ ಪುಡಿ! ಅಲ್ಲಿಯೂ ನಮ್ಮ ಪರ್ಸಿಯ ನೆಂಟನೇ. ಶಿಂಗಲ್ ಮೇಲೆ ಹತ್ತಬೇಡಿ, ತಿಕ್ಕಲೂ ಬೇಡಿ, ಮೇಲಿನ ಕಲ್ಲಿನ ಹರಳು ಉದುರಿದರೆ ಅದರ ಆಯುಸ್ಸೂ ಉದುರಿದ ಹಾಗೆ. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್‌ಗೆ ಅಷ್ಟೇ ನೀರು ಬೆರೆಸಿ, ಪಂಪಿನಿಂದ ಸಿಂಪಡಿಸಿ, ಕಾಲು ಗಂಟೆ ಬಿಟ್ಟು ಹಗುರ ಧಾರೆಯಲ್ಲಿ ತೊಳೆಯುವುದು ಅಲ್ಲಿನ ರೂಢಿ. ನೆತ್ತಿಯ ಉದ್ದಕ್ಕೂ ಸತು ಅಥವಾ ತಾಮ್ರದ ಪಟ್ಟಿ ಬಡಿಸಿದರೆ, ಮಳೆಯಲ್ಲಿ ಅದು ತುಸು ತುಸು ಕರಗಿ ಕೆಳಗಿಳಿದು ಪಾಚಿಯನ್ನು ತಡೆಯುತ್ತದೆ.

ಮತ್ತೆ ಬರದಿರಲು

ಚಪ್ಪಟೆ ಮಾಳಿಗೆಗೆ ಅಂಥ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ನೋಡಬೇಕಾದದ್ದು ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು. ಒಂದು ಮಳೆ ನಿಂತ ಅರ್ಧ ಗಂಟೆಗೆ ಮೇಲೆ ಹೋಗಿ, ನಿಂತ ನೀರಿನ ಸುತ್ತ ಚಾಕ್‌ಪೀಸ್‌ನಿಂದ ಗೆರೆ ಎಳೆಯಿರಿ. ಕಪ್ಪು ಬಂದ ಜಾಗವೂ ಆ ಗೆರೆಯೂ ಬಹುತೇಕ ಒಂದೇ ಆಗಿರುತ್ತವೆ. ಹತ್ತು ಅಡಿಗೆ ಒಂದೂಕಾಲು ಇಂಚಿನಷ್ಟಾದರೂ ಇಳಿಜಾರು ಇರಬೇಕು. ಇಲ್ಲದಿದ್ದರೆ ಆ ತಗ್ಗಿಗಷ್ಟೇ ಗಿಲಾಯಿ (ಸಿಮೆಂಟ್ ಗಾರೆ) ಮಾಡಿಸಿ.

ನಮ್ಮ ಮನೆಯಲ್ಲಿ ಇಳಿಜಾರು ಸರಿಯಾಗಿಯೇ ಇತ್ತು. ಟ್ಯಾಂಕಿನ ಬಾಲ್ ವಾಲ್ವ್ ಕೆಟ್ಟು, ದಿನಾ ಹನಿ ಹನಿ ತೊಟ್ಟಿಕ್ಕುತ್ತಿತ್ತು. ಅದನ್ನು ಬದಲಿಸಿದ ವರ್ಷದಿಂದ ಟ್ಯಾಂಕಿನ ಬುಡ ಬೆಳ್ಳಗಿದೆ. ಸೋಲಾರ್ ಹೀಟರ್‌ನ ಜೋಡಣೆ, ಎಸಿಯ ನೀರಿನ ಪೈಪು ಕೂಡ ಒಮ್ಮೆ ಮುಟ್ಟಿ ನೋಡಿ.

ತೊಳೆದ ಮೇಲೆ ಮಾಳಿಗೆಯಲ್ಲಿ ತೊಗರಿ, ಶಾವಿಗೆ, ಮೆಣಸಿನಕಾಯಿ ಒಣ ಹಾಕುವವರು ಎರಡು ಬಿಸಿಲು ಬಿಡಿ. ಮೂರನೆಯ ದಿನ ಒಂದು ತಂಬಿಗೆ ನೀರು ಚೆಲ್ಲಿ, ಬಗ್ಗಿ ಮೂಸಿ. ಬ್ಲೀಚಿಂಗ್ ವಾಸನೆ ಬಂದರೆ ಇನ್ನೊಮ್ಮೆ ತೊಳೆಯಿರಿ. ಬರದಿದ್ದರೂ ಕೆಳಗೊಂದು ತಾಡಪತ್ರಿ ಹಾಸಿಯೇ ತೊಗರಿ ಹರವಿ.