ಶೇಂಗಾ ಗಿಡ ಕಿತ್ತು ನೋಡೋಣ: ಪ್ರಶ್ನೆಯಿಂದ ಜೀವಶಾಸ್ತ್ರ ಪಾಠ ಶುರು ಮಾಡುವುದು ಹೇಗೆ?

ಆಗಸ್ಟ್ ತಿಂಗಳಲ್ಲಿ ಚಳ್ಳಕೆರೆ ಕಡೆ ಯಾವ ದಾರಿ ಹಿಡಿದರೂ ಎರಡೂ ಬದಿಗೆ ಶೇಂಗಾ ಹೊಲ. ನಮ್ಮ ಹೈಸ್ಕೂಲಿಗೆ ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆ ಹೊಲಗಳಲ್ಲೇ ಕಳೆ ಕಿತ್ತು ಬೆಳೆದವರು. ಆದರೂ ಎಂಟನೇ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಬಂದಾಗ ‘ದ್ವಿದಳ ಧಾನ್ಯದ ಗಿಡಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇರುತ್ತದೆ’ ಎಂದು ಬಾಯಿಪಾಠ ಮಾಡುತ್ತಾರೆ. ಆ ಗಂಟು ಎಲ್ಲಿದೆ ತೋರಿಸು ಎಂದರೆ ಪುಸ್ತಕದ ಚಿತ್ರದ ಮೇಲೆ ಬೆರಳಿಡುತ್ತಾರೆ. ಹೊಲ ಶಾಲೆಯ ಕಾಂಪೌಂಡಿನ ಆಚೆಗೇ ಇದೆ, ಅಲ್ವಾ?

ನಾನೂ ಎಷ್ಟೋ ವರ್ಷ ಹಾಗೇ ಪಾಠ ಮಾಡಿದೆ. ಮೊದಲು ವಿವರಣೆ, ಆಮೇಲೆ ನೋಟ್ಸ್, ಸಮಯ ಉಳಿದರೆ ಒಂದು ಚಟುವಟಿಕೆ. ಈಗ ಅದನ್ನು ತಿರುವಿಹಾಕಿದ್ದೇನೆ. ಮೊದಲು ಗಿಡ, ಆಮೇಲೆ ಮಕ್ಕಳ ಪ್ರಶ್ನೆ, ಪುಸ್ತಕ ಕೊನೆಗೆ. ಇದಕ್ಕೆ ಬೇಕಾಗುವುದು ಏಳು ಪೀರಿಯಡ್, ಎರಡು ಬಕೆಟ್, ಒಂದು ಬ್ಲೇಡ್. ಜೊತೆಗೆ ಒಂದಿಷ್ಟು ತಾಳ್ಮೆ.

ಮೊದಲು ಕಲಿಕಾ ಫಲ ನೋಡಿ

ಕಲಿಕಾ ಫಲ ಎಂದರೆ ಪಾಠ ಮುಗಿದಾಗ ಮಗು ಏನು ಮಾಡಬಲ್ಲದು ಎಂಬುದು. ಎಂಟನೇ ತರಗತಿಯವರೆಗಿನ ಪಟ್ಟಿಯನ್ನು ರಾಷ್ಟ್ರಮಟ್ಟದಲ್ಲಿ ಶಾಲಾ ಪಠ್ಯ ರೂಪಿಸುವ ಎನ್‌ಸಿಇಆರ್‌ಟಿ 2017ರಲ್ಲಿ ಹೊರತಂದಿತು. ಪ್ರೌಢ ಹಂತದ್ದು ಆಮೇಲೆ ಬಂತು. ನಾವು ಅದನ್ನು ಪಾಠಯೋಜನೆಯ ಪುಸ್ತಕಕ್ಕೆ ಸುಮ್ನೆ ಇಳಿಸಿಕೊಳ್ಳುತ್ತೇವೆ, ಸಹಿ ಹಾಕಿಸುತ್ತೇವೆ, ಅಲ್ಲಿಗೆ ಮುಗಿಯಿತು. ಆದರೆ ಆ ವಾಕ್ಯಗಳ ಕ್ರಿಯಾಪದ ನೋಡಿ. ವ್ಯತ್ಯಾಸ ಗುರುತಿಸುತ್ತಾರೆ, ವರ್ಗೀಕರಿಸುತ್ತಾರೆ, ಅಳೆಯುತ್ತಾರೆ, ಭಾಗ ಗುರುತಿಸಿ ಚಿತ್ರ ಬರೆಯುತ್ತಾರೆ, ತಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಸರಳ ಪರೀಕ್ಷೆ ಮಾಡುತ್ತಾರೆ. ಎಲ್ಲವೂ ಕಣ್ಣಿಗೆ ಕಾಣುವ ಕೆಲಸ. ‘ತಿಳಿದುಕೊಳ್ಳುತ್ತಾರೆ’ ಎಂದು ನೀವು ಬರೆದುಕೊಂಡಿದ್ದರೆ ಅದನ್ನು ಹೊಡೆದುಹಾಕಿ. ತಿಳಿದುಕೊಂಡದ್ದು ಯಾರಿಗೆ ಕಾಣುತ್ತದೆ?

ಒಂದು ಘಟಕಕ್ಕೆ ಎರಡೇ ಫಲ ಆರಿಸಿಕೊಳ್ಳಿ. ನನ್ನವು ಇವು: ಮಗು ಎರಡು ಹೊಲದ ಗಿಡಗಳನ್ನು ಸರಿಯಾಗಿ ಹೋಲಿಸುವ ಪರೀಕ್ಷೆಯನ್ನು ತಾನೇ ಯೋಜಿಸಬೇಕು. ತಾನು ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಬೇರಿನ ಗಂಟಿಗೂ ಗಿಡಕ್ಕೂ ಇರುವ ಸಂಬಂಧ ಹೇಳಬೇಕು. ಇದನ್ನು ನಿಮ್ಮದೇ ಮಾತಿನಲ್ಲಿ ಒಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ. ಪಾಠ ದಾರಿ ತಪ್ಪಿದಾಗ ಅದೇ ಕೈಹಿಡಿಯುತ್ತದೆ.

ನಾವು ಪಾಠಯೋಜನೆಯಲ್ಲಿ ಬರೆಯುವ ಐದು ‘ಇ’ಗಳೂ (ಎಂಗೇಜ್, ಎಕ್ಸ್‌ಪ್ಲೋರ್, ಎಕ್ಸ್‌ಪ್ಲೇನ್, ಎಲಾಬೊರೇಟ್, ಇವ್ಯಾಲ್ಯುಯೇಟ್) ಇದನ್ನೇ ಹೇಳುತ್ತವೆ. ಅಮೆರಿಕದಲ್ಲಿ ಜೀವಶಾಸ್ತ್ರದ ಪಠ್ಯ ಸುಧಾರಿಸಲೆಂದು 1958ರಲ್ಲಿ ಶುರುವಾದ ಬಿಎಸ್‌ಸಿಎಸ್ ಎಂಬ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಕ್ರಮ ಅದು. ಅದರ ಜೀವಾಳ ಇರುವುದು ಒಂದೇ ಕಡೆ: ಪರಿಶೋಧನೆ ಮೊದಲು, ವಿವರಣೆ ಆಮೇಲೆ. ಹೆಸರು ಐದನ್ನೂ ಬರೆದು ವಿವರಣೆಯನ್ನೇ ಮೊದಲು ಕೊಟ್ಟರೆ ಪ್ರಯೋಜನವಿಲ್ಲ.

ಪ್ರಶ್ನೆ ಮಕ್ಕಳದ್ದಾಗಲಿ

ಮೊದಲ ಪೀರಿಯಡ್‌ನಲ್ಲಿ ಬೇರು ತೊಳೆದ ಎರಡು ಗಿಡ ಮೇಜಿನ ಮೇಲಿಡಿ. ಒಂದು ಶೇಂಗಾ, ಒಂದು ಮೆಕ್ಕೆಜೋಳ. ನೀವು ಏನೂ ಹೇಳಬೇಡಿ. ಐದೈದು ಮಕ್ಕಳು ಬಂದು ನೋಡಲಿ, ಮುಟ್ಟಲಿ, ಒಬ್ಬೊಬ್ಬರೂ ಒಂದು ಪ್ರಶ್ನೆ ಬರೆಯಲಿ. ನಮ್ಮ ತರಗತಿಯಲ್ಲಿ ಬಂದ ಕೆಲವು ಹೀಗಿದ್ದವು: ‘ಇದು ರೋಗನಾ ಸಾರ್? ನಮ್ಮ ಟೊಮೆಟೊ ಬೇರಿಗೂ ಹಿಂಗೇ ಗಂಟು ಬಂದಿತ್ತು.’ ‘ಮೆಕ್ಕೆಜೋಳಕ್ಕೆ ಯಾಕಿಲ್ಲ?’ ‘ಇದರ ಒಳಗೆ ಏನೈತೆ?’ ‘ಯೂರಿಯಾ ಹಾಕಿದ ಹೊಲದಲ್ಲಿ ಗಂಟು ಜಾಸ್ತಿ ಇರ್ತಾವಾ, ಕಡಿಮೆನಾ?’

ಇಲ್ಲಿ ಶಿಕ್ಷಕರಿಗೆ ಕಷ್ಟವಾಗುವುದು ಒಂದೇ. ಬಾಯಿತನಕ ಬಂದ ಉತ್ತರವನ್ನು ನುಂಗಿಕೊಳ್ಳುವುದು. ನಾವು ಉತ್ತರ ಹೇಳಿದ ತಕ್ಷಣ ಮಕ್ಕಳು ಪೆನ್ನು ತೆಗೆಯುತ್ತಾರೆ, ಯೋಚನೆ ನಿಲ್ಲಿಸುತ್ತಾರೆ. ಉತ್ತರದ ಬದಲು ಪ್ರಶ್ನೆಗಳನ್ನು ಬೋರ್ಡ್ ಮೇಲೆ ಮೂರು ಗುಂಪು ಮಾಡಿಸಿ. ನೋಡಿದರೆ ಗೊತ್ತಾಗುವಂಥವು, ಎಣಿಸಿ ಹೋಲಿಸಿದರೆ ಗೊತ್ತಾಗುವಂಥವು, ಪುಸ್ತಕವನ್ನೇ ಕೇಳಬೇಕಾದವು. ಯಾವ ಪ್ರಶ್ನೆ ಎಲ್ಲಿಗೆ ಎಂದು ಅವರೇ ಜಗಳವಾಡಲಿ. ಆ ಜಗಳದಲ್ಲೇ ವಿಜ್ಞಾನದ ಅರ್ಧ ಪಾಠ ಆಗಿಹೋಗುತ್ತದೆ.

ನಮ್ಮ ಮಕ್ಕಳು ಹಿಡಿದದ್ದು ಯೂರಿಯಾ ಪ್ರಶ್ನೆಯನ್ನು. ಎರಡನೇ ಪೀರಿಯಡ್ ಪೂರ್ತಿ ಯೋಜನೆಗೆ ಕೊಡಿ. ಎಷ್ಟು ಗಿಡ? ಯಾವ ವಯಸ್ಸಿನವು? ಒಂದೇ ತಳಿಯಾ? ಒಂದು ಹೊಲ ಎರೆ (ಕಪ್ಪು ಮಣ್ಣು), ಇನ್ನೊಂದು ಮಸಾರಿ (ಕೆಂಪು ಮಣ್ಣು) ಆದರೆ ನಡೆಯುತ್ತಾ? ಒಂದೇ ಗಿಡ ನೋಡಿದರೆ ಸಾಕಾ? ಇವನ್ನು ಅವರ ಬಾಯಿಂದಲೇ ಹೊರಡಿಸಬೇಕು. ಕೊನೆಗೆ ಪ್ರತಿ ಗುಂಪೂ ತನ್ನ ಊಹೆಯನ್ನು ಕಾರಣದ ಸಮೇತ ಬರೆದು ತಾರೀಖು ಹಾಕಲಿ. ಊಹೆ ತಪ್ಪಾದರೆ ಅಂಕ ಹೋಗಲ್ಲ ಎಂದು ಗಟ್ಟಿಯಾಗಿ ಹೇಳಿ. ಇಲ್ಲದಿದ್ದರೆ ಆಮೇಲೆ ಅಳಿಸಿ ಬರೆಯುತ್ತಾರೆ.

ಗಿಡ ಕೀಳುವ ದಿನ

ಬಿತ್ತಿ 40ರಿಂದ 50 ದಿನ ಆದ ಗಿಡ ಇದಕ್ಕೆ ಚೆನ್ನ. ಎರಡು ಪೀರಿಯಡ್ ಒಟ್ಟಿಗೆ ಬರುವ ದಿನ ನೋಡಿಕೊಳ್ಳಿ. ಹೊಲದವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಇತ್ತೀಚೆಗೆ ಔಷಧಿ ಹೊಡೆದ ಹೊಲಕ್ಕೆ ಹೋಗಲೇಬೇಡಿ. ಬ್ಲೇಡ್ ನಿಮ್ಮ ಕೈಯಲ್ಲೇ ಇರಲಿ. ವಾಪಸ್ ಬಂದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು. ಮಳೆ ಬಂದು ಹದಿನೈದು ದಿನ ಆಗಿತ್ತು, ನೆಲ ಕಲ್ಲಾಗಿತ್ತು. ಮಕ್ಕಳು ಗಿಡದ ಬುಡ ಹಿಡಿದು ಜಗ್ಗಿದರು. ಸಣ್ಣ ಬೇರೆಲ್ಲ ಹರಿದು ಮಣ್ಣಲ್ಲೇ ಉಳಿದವು, ಗಂಟುಗಳೂ ಅಲ್ಲೇ. ಕೈಗೆ ಬಂದದ್ದು ಬೋಳು ತಾಯಿಬೇರು. ಮಕ್ಕಳು ‘ಗಂಟು ಇಲ್ಲ’ ಎಂದು ಬರೆದರು. ತಾವು ಕಂಡದ್ದನ್ನೇ ಬರೆದಿದ್ದರು. ಅವರನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಹಾಗಾಗಿ ಗಿಡದ ಸುತ್ತ ಒಂದು ಗೇಣು ಬಿಟ್ಟು ಗುದ್ದಲಿಯಲ್ಲಿ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಬೇಕು. ಆ ಹೆಂಟೆಯನ್ನು ಬಕೆಟ್ ನೀರಲ್ಲಿ ಕಾಲು ಗಂಟೆ ನೆನೆಸಿಡಿ. ಮಣ್ಣು ತಾನಾಗೇ ಕರಗಿ ಬೇರು ಬಿಡುತ್ತದೆ. ಕೈ ಹಾಕಿ ಉಜ್ಜಬಾರದು, ಗಂಟು ಉದುರುತ್ತವೆ.

ತೊಳೆದ ಬೇರನ್ನು ಬಿಳಿ ಹಾಳೆಯ ಮೇಲೆ ಹರಡಿದರೆ ಗಂಟುಗಳು ಸಾಸಿವೆ ಕಾಳಿನ ಹಾಗೆ, ಕೆಲವು ಅದಕ್ಕಿಂತ ಸ್ವಲ್ಪ ದಪ್ಪ, ಬೇರಿನ ಪಕ್ಕಕ್ಕೆ ಅಂಟಿಕೊಂಡು ಕೂತಿರುತ್ತವೆ. ಬೇರು ಕವಲೊಡೆಯುವ ಜಾಗದಲ್ಲೇ ಜಾಸ್ತಿ. ಉಗುರಲ್ಲಿ ತಳ್ಳಿದರೆ ಪಟ್ಟನೆ ಬಿಡುತ್ತವೆ. ಟೊಮೆಟೊದ ಗಂಟುಬೇರು ರೋಗದಲ್ಲಿ ಹಾಗಲ್ಲ. ಅಲ್ಲಿ ಜಂತುಹುಳು ಹೊಕ್ಕು ಬೇರು ತಾನೇ ಊದಿಕೊಂಡಿರುತ್ತದೆ, ಗಂಟನ್ನು ಬಿಡಿಸಲು ಬರಲ್ಲ. ರೋಗನಾ ಎಂದು ಕೇಳಿದ ಹುಡುಗನ ಕೈಗೆ ಎರಡೂ ಬೇರು ಕೊಟ್ಟೆ. ಉಗುರು ಆಡಿಸಿ ನೋಡಿ ಅವನೇ ವ್ಯತ್ಯಾಸ ಹೇಳಿದ.

ಆಮೇಲೆ ಬ್ಲೇಡಿನಿಂದ ಒಂದು ಗಂಟನ್ನು ಅಡ್ಡಕ್ಕೆ ಸೀಳಿ. ಒಳಗೆ ರಕ್ತ ತಾಗಿದ ಹಾಗೆ ಗುಲಾಬಿ ಬಣ್ಣ. ಪ್ರತಿ ವರ್ಷವೂ ಈ ಗಳಿಗೆಯಲ್ಲಿ ತರಗತಿ ಒಂದು ಕ್ಷಣ ಸದ್ದಿಲ್ಲದೆ ನಿಲ್ಲುತ್ತದೆ. ‘ಗಿಡಕ್ಕೂ ರಕ್ತ ಇರ್ತದಾ ಸಾರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನೂ ಬೋರ್ಡಿಗೆ ಸೇರಿಸಿ. ಕೆಲವು ಗಂಟು ಒಳಗೆ ಬಿಳಿಯಾಗಿ, ಕೆಲವು ಹಸಿರಾಗಿ ಇರಬಹುದು. ಎಣಿಸುವಾಗ ಬಣ್ಣವನ್ನೂ ಬರೆದುಕೊಳ್ಳಲಿ.

ಲೆಕ್ಕ ತಲೆಕೆಳಗಾದಾಗ

ಐದನೇ ಪೀರಿಯಡ್ ಮಾತುಕತೆಗೆ. ಪ್ರತಿ ಗುಂಪಿಗೂ ಮೂರೇ ಪ್ರಶ್ನೆ ಕೇಳಿ. ಏನು ಹೇಳ್ತೀರಿ? ಯಾವುದನ್ನು ನೋಡಿ ಹೇಳ್ತೀರಿ? ಅದರಿಂದ ಇದು ಹೇಗೆ ಗೊತ್ತಾಯಿತು?

ಹೋದ ವರ್ಷ ಮೂರು ಗುಂಪಿನವರಿಗೆ ಯೂರಿಯಾ ಜಾಸ್ತಿ ಹಾಕಿದ ಹೊಲದಲ್ಲಿ ಗಂಟು ಕಡಿಮೆ ಸಿಕ್ಕಿತ್ತು. ನಾನು ನಿರೀಕ್ಷಿಸಿದ್ದೂ ಅದನ್ನೇ. ಯೂರಿಯಾ ಅಂದರೆ ಸಾರಜನಕದ ಗೊಬ್ಬರ; ಮಣ್ಣಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಬ್ಯಾಕ್ಟೀರಿಯಾಕ್ಕೆ ಮನೆ ಕಟ್ಟಿಕೊಡುವುದನ್ನು ಕಡಿಮೆ ಮಾಡುತ್ತದೆ. ನಾಲ್ಕನೇ ಗುಂಪಿನದು ಮಾತ್ರ ಪೂರ್ತಿ ಉಲ್ಟಾ. ಯೂರಿಯಾ ಹಾಕಿದ ಹೊಲದಲ್ಲೇ ಗಂಟು ಜಾಸ್ತಿ, ಹಾಕದ ಹೊಲದಲ್ಲಿ ಬೆರಳೆಣಿಕೆಯಷ್ಟು. ‘ನೀವು ತಪ್ಪು ಎಣಿಸಿದ್ದೀರಿ’ ಎಂದು ಉಳಿದವರು ಕೂಗಿದರು. ಗುಂಪಿನ ಹುಡುಗಿಯೊಬ್ಬಳು ಎಣಿಸಿದ ಹಾಳೆಯನ್ನು ಎದೆಗೆ ಒತ್ತಿ ಹಿಡಿದು ನಿಂತಳು. ಮೂರು ಸಲ ಎಣಿಸಿದೀವಿ ಸಾರ್ ಎಂದಳು.

ಆಗ ನಾನು ಹೇಳಿದ್ದು ಇಷ್ಟೇ: ‘ಎಣಿಕೆ ಸರಿ ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ರೆ ಆ ಎರಡು ಹೊಲದ ಮಧ್ಯೆ ಇನ್ನೇನು ಬೇರೆ ಇದೆ?’ ಮಾರನೇ ದಿನ ಅವಳು ಉತ್ತರ ತಂದಳು. ಯೂರಿಯಾ ಹಾಕಿದ ಹೊಲ ಅವರದ್ದೇ. ಬಿತ್ತುವ ಮೊದಲು ಅವಳ ಅಪ್ಪ ರೈತ ಸಂಪರ್ಕ ಕೇಂದ್ರದಿಂದ ರೈಜೋಬಿಯಂ ಪುಡಿ ತಂದು, ಬೆಲ್ಲದ ನೀರಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಒಣಗಿಸಿದ್ದರು. ಪಕ್ಕದ ಹೊಲದವರು ಬೀಜೋಪಚಾರ ಮಾಡಿರಲಿಲ್ಲ. ಒಂದರ ಬದಲು ಎರಡು ವಿಷಯ ಬೇರೆಬೇರೆ ಇದ್ದರೆ ಹೋಲಿಕೆ ಕೆಡುತ್ತದೆ ಎಂಬುದನ್ನು ನಾನು ವರ್ಷವಿಡೀ ಹೇಳಿದ್ದರೂ ಆ ತರಗತಿಗೆ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ. ನಿಮ್ಮ ತರಗತಿಯಲ್ಲೂ ಉಲ್ಟಾ ಲೆಕ್ಕ ಬಂದೇ ಬರುತ್ತದೆ. ಅದನ್ನು ಮುಚ್ಚಿಹಾಕಬೇಡಿ, ತಿದ್ದಿಸಬೇಡಿ.

ಈಗ ಪುಸ್ತಕ ತೆರೆಯಿರಿ

ಆರನೇ ಪೀರಿಯಡ್ ವಿವರಣೆಗೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಗಂಟಿನೊಳಗಿನ ಬ್ಯಾಕ್ಟೀರಿಯಾ ಅದನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತದೆ, ಬದಲಿಗೆ ಗಿಡ ಅದಕ್ಕೆ ಆಹಾರ ಕೊಡುತ್ತದೆ. ಗುಲಾಬಿ ಬಣ್ಣ ಲೆಗ್‌ಹೀಮೋಗ್ಲೋಬಿನ್‌ನದು. ಅದೊಂದು ಪ್ರೋಟೀನ್, ನಮ್ಮ ರಕ್ತದ ಹೀಮೋಗ್ಲೋಬಿನ್‌ಗೆ ನೆಂಟ. ಆಮ್ಲಜನಕ ಜಾಸ್ತಿಯಾದರೆ ಸಾರಜನಕ ಹಿಡಿಯುವ ಕೆಲಸ ಕೆಡುತ್ತದೆ, ಹಾಗಾಗಿ ಈ ಪ್ರೋಟೀನ್ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಅಳತೆಯಲ್ಲಿ ಬಿಡುತ್ತದೆ. ಒಳಗೆ ಗುಲಾಬಿ ಇದ್ದರೆ ಗಂಟು ಕೆಲಸ ಮಾಡುತ್ತಿದೆ, ಹಸಿರಾಗಿದ್ದರೆ ವಯಸ್ಸಾಗಿದೆ ಎಂದು ತಿಳಿಯಬಹುದು.

ಈ ಗಂಟಿನ ಕೆಲಸವನ್ನು ಜರ್ಮನಿಯ ವಿಜ್ಞಾನಿಗಳಾದ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಥ್ ತೋರಿಸಿಕೊಟ್ಟದ್ದು 1880ರ ದಶಕದಲ್ಲಿ, ಬಟಾಣಿ ಗಿಡ ಬೆಳೆಸಿ. ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿ ಬೀಜೆರಿಂಕ್ ಬೇರ್ಪಡಿಸಿದ್ದು 1888ರಲ್ಲಿ. ಇದನ್ನು ಹೇಳುವಾಗ ಮಕ್ಕಳ ಮುಖ ನೋಡಿ. ತಮ್ಮ ಪ್ರಶ್ನೆಯನ್ನು ದೊಡ್ಡವರೂ ಕೇಳಿದ್ದರು ಎಂಬ ಖುಷಿ ಅಲ್ಲಿರುತ್ತದೆ.

ಊರೊಳಗಿನ ಶಾಲೆಯವರು ಏನು ಮಾಡಬೇಕು?

ದಾವಣಗೆರೆ ಪೇಟೆಯ ಶಾಲೆಗೆ ಹೊಲ ದೂರ. ಅಲ್ಲಿಗೆ ದೋಸೆ ಹಿಟ್ಟು ಸಾಕು. ಆಗಷ್ಟೇ ರುಬ್ಬಿದ ಹಿಟ್ಟನ್ನು ಮೂರು ಲೋಟಕ್ಕೆ ಸಮ ಅಳತೆಯಲ್ಲಿ ಹಾಕಿ, ಹೊರಗಡೆ ಗೆರೆ ಎಳೆಯಿರಿ. ಒಂದು ಫ್ರಿಜ್‌ನಲ್ಲಿ, ಒಂದು ತರಗತಿಯ ಮೂಲೆಯಲ್ಲಿ, ಒಂದು ಬೆಚ್ಚಗಿನ ಜಾಗದಲ್ಲಿ. ಮುಚ್ಚಳ ಬಿಗಿಯಬೇಡಿ, ಗಾಳಿ ಒತ್ತಡಕ್ಕೆ ಲೋಟ ಒಡೆದೀತು. ಹಿಟ್ಟು ಎಷ್ಟು ಮೇಲೆ ಬಂತು ಎಂದು ಗಂಟೆಗೊಮ್ಮೆ ಅಳೆದರೆ ಅದೂ ಸೂಕ್ಷ್ಮಜೀವಿಗಳ ಪಾಠವೇ.

ಅಂಕ ಕೊಡುವುದು

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ‘ಇದೆಲ್ಲ ಮಾಡ್ತಾ ಕೂತರೆ ಪೋರ್ಷನ್ ಮುಗಿಯಲ್ಲ ಮೇಷ್ಟ್ರೇ’ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಆತಂಕ ನಿಜವಾದದ್ದೇ. ನಾನು ಎಲ್ಲ ಪಾಠವನ್ನೂ ಹೀಗೆ ಮಾಡಲ್ಲ. ವರ್ಷಕ್ಕೆ ಮೂರು ಘಟಕ ಮಾತ್ರ. ಎಂಟು, ಒಂಬತ್ತರಲ್ಲಿ ಈ ಅಭ್ಯಾಸ ಬಿದ್ದರೆ ಹತ್ತರಲ್ಲಿ ಜೀವಕ್ರಿಯೆಗಳ ಪಾಠ ವೇಗವಾಗಿ ಸಾಗುತ್ತದೆ.

ಆರನೇ ಪೀರಿಯಡ್‌ನಲ್ಲಿ ಮಕ್ಕಳಿಗೆ ಹೊಸ ಸನ್ನಿವೇಶ ಕೊಡಿ. ‘ತೊಗರಿ ಅಕ್ಕಡಿ (ಅಂತರ ಬೆಳೆ) ಹಾಕಿದ ಮೆಕ್ಕೆಜೋಳಕ್ಕೂ ಬರೀ ಮೆಕ್ಕೆಜೋಳಕ್ಕೂ ವ್ಯತ್ಯಾಸ ಇದೆಯಾ ಎಂದು ನೋಡಲು ಏನು ಮಾಡುವೆ?’ ಗಾಜಿನ ಕೆಳಗಿನ ಚೀಟಿ ತೆಗೆದು ಉತ್ತರದ ಪಕ್ಕ ಇಟ್ಟು ನೋಡಿ. ಒಂದೇ ವಿಷಯವನ್ನು ಬದಲಿಸಿದನಾ? ಸಾಕಷ್ಟು ಗಿಡ ನೋಡುತ್ತೇನೆ ಎಂದನಾ? ಕಾರಣ ಕೊಟ್ಟನಾ? ಬರೆಯಲು ತಡವರಿಸುವ ಮಕ್ಕಳನ್ನು ಹತ್ತಿರ ಕರೆದು ಬಾಯಲ್ಲಿ ಕೇಳಿ. ಬೇರನ್ನು ಅಷ್ಟು ಚೆನ್ನಾಗಿ ತೊಳೆದು ತಂದ ಹುಡುಗನಿಗೆ ಬರವಣಿಗೆ ಬರಲ್ಲ ಎಂದು ಸೊನ್ನೆ ಕೊಡುವುದು ನ್ಯಾಯವಲ್ಲ.

ಕೊನೆಯದಾಗಿ ಒಂದು ಕೆಲಸ. ನಿಮ್ಮ ಊರಲ್ಲಿ ಶೇಂಗಾ ಬಿತ್ತನೆ ಯಾವತ್ತು ಆಯಿತು ಎಂದು ಮಕ್ಕಳನ್ನೇ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ಅಲ್ಲಿಂದ 45 ದಿನ ಎಣಿಸಿ ಇನ್ನೊಂದು ಗುರುತು. ಮುಂಗಾರು ತಡವಾದರೆ ಪಾಠವನ್ನೂ ಮುಂದಕ್ಕೆ ಹಾಕಿ.