ಕಸಿ ಮಾಡಿದ ಟೊಮೆಟೊ ಸಸಿಗೆ ಎಲ್‌ಇಡಿ ಬೆಳಕು ಕೊಡುವ ಕ್ರಮ

ದುಂಡಾಣು ಸೊರಗು ರೋಗವಿರುವ ಮಣ್ಣಿನಲ್ಲಿ ಟೊಮೆಟೊ ಬೆಳೆಯಲು, ರೋಗ ತಡೆದುಕೊಳ್ಳುವ ಬದನೆ ಸಸಿಯ ಬುಡಕ್ಕೆ ಟೊಮೆಟೊ ಕುಡಿಯನ್ನು ಕಸಿ ಮಾಡುತ್ತಾರೆ. ಕಸಿ ಎಷ್ಟೇ ನಾಜೂಕಾಗಿದ್ದರೂ, ಮುಂದಿನ ಒಂದು ವಾರ ಬೆಳಕನ್ನು ಹೇಗೆ ಕೊಡುತ್ತೇವೆ ಎಂಬುದು ಸಸಿಯ ಉಳಿವಿಗೆ ಬಹಳ ಮುಖ್ಯ.

ಬೇರಿನಿಂದ ಕುಡಿಗೆ ನೀರು ಏರುವ ದಾರಿ ಇನ್ನೂ ಕೂಡಿಕೊಂಡಿರುವುದಿಲ್ಲವಾದ್ದರಿಂದ, ಪ್ರೋಟ್ರೇಗಳನ್ನು (ಸಸಿ ಬೆಳೆಸುವ ಗುಳಿಗಳಿರುವ ತಟ್ಟೆಗಳನ್ನು) ಮೊದಲ ಒಂದೆರಡು ದಿನ 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಸುಮಾರು ಶೇ 90ರಷ್ಟು ತೇವಾಂಶವಿರುವ ಕೋಣೆಯಲ್ಲಿ ಕತ್ತಲಲ್ಲೇ ಇಡಬೇಕು. ಅದಕ್ಕಿಂತ ಹೆಚ್ಚು ದಿನ ಕತ್ತಲಲ್ಲಿ ಬಿಟ್ಟರೆ ಕಾಂಡ ಬಿಳಿಚಿಕೊಂಡು ಸೊರಗುತ್ತದೆ. ಗಾಯ ಕೂಡಲು ಬೇಕಾದ ಸಕ್ಕರೆಯನ್ನು ಎಲೆ ತಯಾರಿಸುವುದೇ ಬೆಳಕಿನಲ್ಲಿ.

ಮೂರನೆಯ ದಿನದಿಂದ, ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 50ರಿಂದ 100 ಮೈಕ್ರೋಮೋಲ್‌ನಷ್ಟು (ಗಿಡದ ಮೇಲೆ ಬೀಳುವ ಬೆಳಕಿನ ಕಣಗಳ ಅಳತೆ) ಮಂದ ಬೆಳಕನ್ನು ದಿನಕ್ಕೆ 12ರಿಂದ 16 ಗಂಟೆ ಕೊಡಿ. ದೀಪ ಹಾಕಿದ ಒಂದು ಗಂಟೆಯ ನಂತರ ಸಸಿಯನ್ನು ಹತ್ತಿರದಿಂದ ನೋಡಿ: ಎಲೆಯ ತೊಟ್ಟು ಜೋತುಬಿದ್ದು, ಕಸಿಯ ಜಾಗವನ್ನು ಹಿಡಿದಿಡುವ ಕ್ಲಿಪ್‌ನ ಮೇಲಿನ ಕಾಂಡ ಬೆರಳಿಗೆ ಮೆತ್ತಗೆ ಸಿಕ್ಕರೆ ದೀಪವನ್ನು ಮೇಲಕ್ಕೆತ್ತಿ, ತೇವಾಂಶ ಹೆಚ್ಚಿಸಿ. ಎಲೆ ನೆಟ್ಟಗೆ ನಿಂತಿದ್ದರೆ ಬೆಳಕನ್ನು ದಿನದಿಂದ ದಿನಕ್ಕೆ ಏರಿಸುತ್ತಾ ತೇವಾಂಶವನ್ನು ಇಳಿಸುತ್ತಾ ಬನ್ನಿ.

ಬರೀ ಕೆಂಪು ಬೆಳಕು ಸಾಲದು. ಜೊತೆಗೆ ನೀಲಿ ಬೆಳಕಿದ್ದರೆ ಕಾಂಡ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತದೆ. ಬೇಗ ಬೆಳೆಯಲೆಂದು 24 ಗಂಟೆಯೂ ದೀಪ ಉರಿಸುವುದನ್ನು ದಯವಿಟ್ಟು ಮಾಡಬೇಡಿ, ನಿರಂತರ ಬೆಳಕಿನಲ್ಲಿ ಟೊಮೆಟೊ ಎಲೆ ಹಳದಿಗಟ್ಟುತ್ತದೆ. ಲಕ್ಸ್ ಮೀಟರ್ ಮನುಷ್ಯನ ಕಣ್ಣಿಗೆ ತಕ್ಕಂತೆ ಬೆಳಕನ್ನು ಅಳೆಯುವುದರಿಂದ, ಕೆಂಪು-ನೀಲಿ ದೀಪಗಳ ಅಳತೆಗೆ ಅದನ್ನು ನಂಬದೆ, ಗಿಡ ಆಹಾರ ತಯಾರಿಸಲು ಬಳಸುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಬಳಸಿ.